ಲಿಂಕನ್, ಕ್ಯಾಡಿಲಾಕ್, ಇಂಪೀರಿಯಲ್: 1965ರ ಆಸುಪಾಸಿನ ಈ ಮೂರರಲ್ಲಿ ನಿಮ್ಮದು ಯಾವುದು?

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂ ಬದಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರಬೇಕು. ನಮ್ಮೂರಿನ ತೇರಿನ ದಿನದ ಹಾಗೆ ಜನ ಬೆಳಗ್ಗೆಯೇ ಬಂದು ಜಾಗ ಹಿಡಿದಿರುತ್ತಾರೆ. 1995ರಲ್ಲಿ ಶುರುವಾದ ಈ ಕಾರುಗಳ ಮೆರವಣಿಗೆಯಲ್ಲಿ ಜಾಸ್ತಿ ಸದ್ದು ಮಾಡುವವು ಮಸ್ಟ್ಯಾಂಗ್, ಕಮಾರೋ ಥರದ ಸ್ಪೋರ್ಟಿ ಕಾರುಗಳೇ. ನಾನು ಮಿಷಿಗನ್‌ಗೆ ಬಂದ ಮೊದಲ ವರ್ಷ ಆ ಗದ್ದಲದ ನಡುವೆ ಕಪ್ಪು ಬಣ್ಣದ ಉದ್ದನೆಯ ಕಾರೊಂದು ಸಿಗ್ನಲ್‌ನಲ್ಲಿ ಬಂದು ನಿಂತಿತು. ಎಂಜಿನ್ ಆನ್ ಆಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಹಸಿರು ದೀಪ ಬಂತು, ಕಾರು ನೀರಿನ ಮೇಲೆ ದೋಣಿ ಸರಿದ ಹಾಗೆ ಮುಂದಕ್ಕೆ ಹೋಯಿತು. ಅದು 1965ರ ಲಿಂಕನ್ ಕಾಂಟಿನೆಂಟಲ್. ಆ ದಿನದಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಇಲ್ಲಿನ ಕನ್ನಡ ಗೆಳೆಯರು ಆಗಾಗ ಕೇಳುತ್ತಾರೆ: "ಒಂದು ಹಳೇ ಅಮೆರಿಕನ್ ಐಷಾರಾಮಿ ಕಾರು ತಗೋಬೇಕು ಅಂತ ಆಸೆ, ಯಾವುದು ತಗೊಳ್ಳಲಿ?" ಕೊಳ್ಳುವ ಮುಂಚೆ ನಾನು ಮೂರನ್ನೂ ಓಡಿಸಿ, ಮೂರರ ಅಡಿಯಲ್ಲೂ ಮಲಗಿ ನೋಡಿದ್ದೇನೆ. ಹಾಗಾಗಿ ಇದನ್ನು ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಕೊಳ್ಳುವ ಯೋಚನೆ ಇಲ್ಲದವರೂ ಓದಿ. ಇಂಥ ಕಾರುಗಳನ್ನು ಇನ್ನು ಯಾರೂ ಮಾಡುವುದಿಲ್ಲ.

ಈ ಮೂರೇ ಯಾಕೆ?

ಆ ಕಾಲಕ್ಕೆ ಅಮೆರಿಕದ ದೊಡ್ಡ ಮೂರು ಕಂಪನಿಗಳಿಗೆ ತಲಾ ಒಂದು ಮೇಲ್ದರ್ಜೆಯ ಹೆಸರಿತ್ತು. ಫೋರ್ಡ್‌ಗೆ ಲಿಂಕನ್, ಜನರಲ್ ಮೋಟರ್ಸ್‌ಗೆ ಕ್ಯಾಡಿಲಾಕ್, ಕ್ರೈಸ್ಲರ್‌ಗೆ ಇಂಪೀರಿಯಲ್. ಮೂರೂ ಹುಟ್ಟಿದ್ದು ಒಂದೇ ಸೀಮೆಯಲ್ಲಿ. ಕ್ಯಾಡಿಲಾಕ್ ಡೆಟ್ರಾಯಿಟ್‌ನ ಕ್ಲಾರ್ಕ್ ಸ್ಟ್ರೀಟ್‌ನಲ್ಲಿ, ಇಂಪೀರಿಯಲ್ ಅದೇ ಊರಿನ ಜೆಫರ್ಸನ್ ಅವೆನ್ಯೂನಲ್ಲಿ, ಲಿಂಕನ್ ಸ್ವಲ್ಪ ದೂರದ ವಿಕ್ಸಮ್‌ನಲ್ಲಿ. ಕ್ಲಾರ್ಕ್ ಸ್ಟ್ರೀಟ್ ಕಾರ್ಖಾನೆ 1987ರಲ್ಲಿ ಮುಚ್ಚಿತು, ವಿಕ್ಸಮ್ 2007ರಲ್ಲಿ.

ವರ್ಷದ ಬಗ್ಗೆಯೂ ಒಂದು ಮಾತು. 1959ರ ಕ್ಯಾಡಿಲಾಕ್‌ನ ಆಕಾಶಕ್ಕೇರಿದ ರೆಕ್ಕೆಗಳನ್ನು ಎಲ್ಲರೂ ಚಿತ್ರದಲ್ಲಿ ನೋಡಿರುತ್ತೀರಿ. ಅದು ಗೋಡೆಯ ಮೇಲಿನ ಫೋಟೋಗೆ ಚೆನ್ನ. ಓಡಿಸಲು ನನ್ನ ಆಯ್ಕೆ 1964, 65. ಆ ಹೊತ್ತಿಗೆ ರೆಕ್ಕೆಯ ಆಟ ಮುಗಿದಿತ್ತು, ಗೇರ್‌ಬಾಕ್ಸ್‌ಗಳು ನಯವಾಗಿದ್ದವು. ಆಮೇಲೆ ಬಂದ ಹೊಗೆ ನಿಯಮಗಳಿಂದ ಎಂಜಿನ್‌ಗಳು ಇನ್ನೂ ಬಡವಾಗಿರಲಿಲ್ಲ.

ಶಕ್ತಿಯ ಲೆಕ್ಕ

ಮೊದಲು ಒಂದು ವಿಷಯ ತಿಳಿದಿರಲಿ. 1972ಕ್ಕಿಂತ ಹಿಂದಿನ ಅಮೆರಿಕನ್ ಕಾರುಗಳ ಹಾರ್ಸ್‌ಪವರ್ ಅಂಕಿಗಳು 'ಗ್ರಾಸ್' ಲೆಕ್ಕದವು. ಎಂಜಿನ್ ಒಂದನ್ನೇ ಬೆಂಚಿನ ಮೇಲೆ ಕೂರಿಸಿ, ಕಾರಿನ ಸೈಲೆನ್ಸರ್, ಏರ್ ಫಿಲ್ಟರ್‌ಗಳ ಅಡ್ಡಿ ಇಲ್ಲದೆ ಅಳೆದದ್ದು. ಹಾಗಾಗಿ 340 ಅಂತ ಓದಿದರೆ ಇವತ್ತಿನ ಕಾರಿನ 340ಕ್ಕೆ ಹೋಲಿಸಬೇಡಿ. ಚಕ್ರಕ್ಕೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ.

ಲಿಂಕನ್‌ನದು 430 ಘನ ಇಂಚಿನ, ಅಂದರೆ 7 ಲೀಟರಿನ ವಿ8. ಶಕ್ತಿ 320 ಹಾರ್ಸ್‌ಪವರ್. ಕ್ಯಾಡಿಲಾಕ್‌ನದೂ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು, 429 ಘನ ಇಂಚು, ಆದರೆ 340 ಹಾರ್ಸ್‌ಪವರ್. ಇಂಪೀರಿಯಲ್‌ನದು 413 ಘನ ಇಂಚು, ಅದೂ 340. ಲಿಂಕನ್‌ನ ಒಂದೊಂದು ಸಿಲಿಂಡರ್ ನಮ್ಮ ಮಾರುತಿ 800ರ ಇಡೀ ಎಂಜಿನ್‌ಗಿಂತ ದೊಡ್ಡದು. ಅಂಥವು ಎಂಟು!

ಆದರೆ ಇವುಗಳ ನಿಜವಾದ ಸುಖ ಇರುವುದು ಟಾರ್ಕ್‌ನಲ್ಲಿ, ಎಳೆಯುವ ಬಲದಲ್ಲಿ. ಕ್ಯಾಡಿಲಾಕ್‌ನದು 480 ಪೌಂಡ್-ಅಡಿ, ಇಂಪೀರಿಯಲ್‌ನದು 470, ಲಿಂಕನ್‌ನದು 465. ಮೂರರಲ್ಲೂ ಆ ಬಲವೆಲ್ಲ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಸಿಗುತ್ತದೆ. ಕಾಲು ಇಟ್ಟರೆ ಸಾಕು, ಒತ್ತುವುದೇ ಬೇಡ. ದೊಡ್ಡ ಆನೆ ಹೆಜ್ಜೆ ಎತ್ತಿಟ್ಟ ಹಾಗೆ, ಅವಸರವಿಲ್ಲ, ಆದರೆ ತಡೆಯುವವರೂ ಇಲ್ಲ. ಆ ಕಾಲದ ಗತ್ತು ಅಂದರೆ ಇದೇ. ಬೇಕೆಂದಾಗ ಶಕ್ತಿ ಇದೆ ಎಂದು ಗೊತ್ತಿದ್ದು, ಅದನ್ನು ತೋರಿಸದೆ ಓಡಿಸುವುದು.

ಪಿಕಪ್ಪೇ ಮುಖ್ಯ ಅನ್ನುವವರಿಗೆ ಕ್ಯಾಡಿಲಾಕ್. ಲಿಂಕನ್ ಸೆಡಾನ್ ಸುಮಾರು 2,300 ಕಿಲೋ ತೂಗುತ್ತದೆ. ನಮ್ಮ ಎರಡು ಅಂಬಾಸಡರ್‌ಗಳ ತೂಕ. ಇಂಪೀರಿಯಲ್ ಅದಕ್ಕಿಂತ ತುಸು ಕಡಿಮೆ. ಕ್ಯಾಡಿಲಾಕ್‌ನ ಡಿವಿಲ್ ಮಾದರಿ ಇನ್ನೂರು ಕಿಲೋ ಆಸುಪಾಸು ಹಗುರ. ಅದರ ಟರ್ಬೊ ಹೈಡ್ರಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ 1964ರಲ್ಲಿ ಬಂತು. ಗೇರ್ ಬದಲಾಗಿದ್ದು ಕಿವಿಗೆ ಮಾತ್ರ ಗೊತ್ತಾಗುತ್ತದೆ, ಮೈಗಲ್ಲ.

ಲಿಂಕನ್ ಕಾಂಟಿನೆಂಟಲ್: ನನ್ನ ಮನಸ್ಸು ಇಲ್ಲಿದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡದ್ದು ಇದನ್ನೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

1958ರಿಂದ 60ರವರೆಗಿನ ಲಿಂಕನ್‌ಗಳು ವಿಪರೀತ ದೊಡ್ಡವು. ಕಂಪನಿಗೆ ನಷ್ಟವೇ ಜಾಸ್ತಿ. ಫೋರ್ಡ್ ನಡೆಸುತ್ತಿದ್ದ ರಾಬರ್ಟ್ ಮ್ಯಾಕ್‌ನಮಾರ ಈ ಹೆಸರನ್ನೇ ಕೈಬಿಡುವ ಯೋಚನೆಯಲ್ಲಿದ್ದರು. ಅದೇ ಹೊತ್ತಿಗೆ ಎಲ್ವುಡ್ ಎಂಗಲ್ ಎಂಬ ವಿನ್ಯಾಸಕಾರ ಫೋರ್ಡ್ ಥಂಡರ್‌ಬರ್ಡ್‌ಗೆಂದು ಒಂದು ಮಾದರಿ ಮಾಡಿದ್ದರು. ಅದು ಮ್ಯಾಕ್‌ನಮಾರ ಕಣ್ಣಿಗೆ ಬಿತ್ತು. ಅದನ್ನೇ ನಾಲ್ಕು ಬಾಗಿಲಿಗೆ ಹಿಗ್ಗಿಸಿ ಲಿಂಕನ್ ಮಾಡಿದರು. 1961ರಲ್ಲಿ ಅದು ರಸ್ತೆಗೆ ಬಂದಾಗ ಹಿಂದಿನ ವರ್ಷದ ಲಿಂಕನ್‌ಗಿಂತ ಉದ್ದದಲ್ಲಿ ಒಂದಡಿಗೂ ಹೆಚ್ಚು ಗಿಡ್ಡವಾಗಿತ್ತು. ಎಲ್ಲರೂ ಕಾರನ್ನು ಹಿಗ್ಗಿಸಿ, ಕ್ರೋಮ್ ಮೆತ್ತುತ್ತಿದ್ದ ಕಾಲದಲ್ಲಿ ಇವರು ಎಲ್ಲವನ್ನೂ ಕಿತ್ತುಹಾಕಿದರು. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ನೇರ ಗೆರೆ, ಅದರ ಮೇಲೆ ಸಣ್ಣಗೆ ಎಳೆದ ಒಂದು ಕ್ರೋಮ್ ಅಂಚು. ಒಳ್ಳೆಯ ರೇಷ್ಮೆ ಸೀರೆಗೆ ಸಣ್ಣ ಅಂಚು ಸಾಕಲ್ವಾ, ಹಾಗೆ.

ಗಟ್ಟಿತನದಲ್ಲೂ ಅಷ್ಟೇ ಕಾಳಜಿ. ಪ್ರತಿಯೊಂದು ಎಂಜಿನ್ ಅನ್ನೂ ಕಾರಿಗೆ ಕೂರಿಸುವ ಮುಂಚೆ ಮೂರು ಗಂಟೆ ಜೋರಾಗಿ ಓಡಿಸಿ, ಬಿಚ್ಚಿ ನೋಡಿ, ಮತ್ತೆ ಜೋಡಿಸುತ್ತಿದ್ದರು. ಕಾರು ತಯಾರಾದ ಮೇಲೆ ಸುಮಾರು 12 ಮೈಲಿ ರಸ್ತೆಯಲ್ಲಿ ಓಡಿಸಿ ನೋಡುತ್ತಿದ್ದರು. ಆ ನಂಬಿಕೆಯಿಂದಲೇ 1961ರಲ್ಲಿ ಎರಡು ವರ್ಷ ಅಥವಾ 24,000 ಮೈಲಿಯ ವಾರಂಟಿ ಕೊಟ್ಟರು. ಬೇರೆ ಕಂಪನಿಗಳು ಆಗ ಅದರ ಅರ್ಧ ಕೊಟ್ಟರೆ ದೊಡ್ಡದು. ಬೆಲೆಯೂ ಹಾಗೇ ಇತ್ತು ಅನ್ನಿ, 6,000 ಡಾಲರ್ ಮೇಲೆ. 1964ರಲ್ಲಿ ಫೋರ್ಡ್‌ನದೇ ಹೊಸ ಮಸ್ಟ್ಯಾಂಗ್ 2,368 ಡಾಲರ್‌ಗೆ ಸಿಗುತ್ತಿತ್ತು.

ಇನ್ನು ಆ ಹಿಂದಿನ ಬಾಗಿಲು. ಹಿಂಬದಿಯಲ್ಲಿ ಕೀಲು ಇರುವ, ಎದುರಾಗಿ ತೆರೆಯುವ ಬಾಗಿಲು. ಮುಂದಿನ, ಹಿಂದಿನ ಬಾಗಿಲು ಎರಡನ್ನೂ ತೆರೆದರೆ ಮನೆಯ ಮುಂಬಾಗಿಲಿನ ಎರಡು ಕದ ತೆರೆದ ಹಾಗೆ. ಕಾರು ಗಿಡ್ಡವಾಗಿದ್ದರಿಂದ ಸಾಮಾನ್ಯ ಬಾಗಿಲಿಟ್ಟರೆ ಹತ್ತಿ ಇಳಿಯುವಾಗ ಕಾಲು ತಗಲುತ್ತಿತ್ತು, ಅದಕ್ಕೇ ಹೀಗೆ ಮಾಡಿದರು ಎನ್ನುತ್ತಾರೆ. ನಮ್ಮಮ್ಮ ತಿಪಟೂರಿನಿಂದ ಬಂದಿದ್ದಾಗ ಇದರ ಬೆಲೆ ನನಗೆ ಗೊತ್ತಾಯಿತು. ಅವರಿಗೆ ಮಂಡಿ ನೋವು, ಉಡುವುದು ಸೀರೆ. ನನ್ನ ದಿನನಿತ್ಯದ ಕಾರಿಗೆ ಹತ್ತಬೇಕಾದರೆ ಒಂದು ಯುದ್ಧ. ಲಿಂಕನ್‌ನಲ್ಲಿ ಸುಮ್ನೆ ಹಿಂದಕ್ಕೆ ತಿರುಗಿ ಕೂತರು, ಕಾಲು ಒಳಗಿಟ್ಟರು, ಮುಗಿಯಿತು. "ಇದು ನಮ್ಮನೆ ಜಗಲಿ ಇದ್ದಂಗಿದೆ ಕಣೋ" ಅಂದರು.

ಮ್ಯಾಕ್‌ನಮಾರ 1961ರಲ್ಲಿ ಕೆನಡಿ ಸರ್ಕಾರದ ರಕ್ಷಣಾ ಮಂತ್ರಿಯಾದರು. ಕೆನಡಿಯವರ ಅಧಿಕೃತ ಕಾರೂ ಅದೇ ವರ್ಷದ ಲಿಂಕನ್ ಕಾಂಟಿನೆಂಟಲ್. ಸಿನ್ಸಿನಾಟಿಯ ಹೆಸ್ ಆ್ಯಂಡ್ ಐಸೆನ್‌ಹಾರ್ಟ್ ಕಾರ್ಯಾಗಾರ ಅದನ್ನು ಕತ್ತರಿಸಿ ಉದ್ದ ಮಾಡಿತ್ತು. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅವರು ಗುಂಡೇಟಿಗೆ ಬಲಿಯಾದಾಗ ಇದ್ದದ್ದು ಅದೇ ಕಾರಿನಲ್ಲಿ. ಆಮೇಲೆ ಅದಕ್ಕೆ ರಕ್ಷಾಕವಚ, ಗಟ್ಟಿ ಛಾವಣಿ ಹಾಕಿ 1977ರವರೆಗೆ ಬಳಸಿದರು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಅದರ ಮುಂದೆ ನಿಂತಾಗ ಮಾತು ಬರುವುದಿಲ್ಲ.

ಈ ಮಾದರಿಯಲ್ಲಿ ಯಾವ ವರ್ಷ? 1961ರಿಂದ 63ರವು ಹಿಂದಿನ ಸೀಟಿನಲ್ಲಿ ಇಕ್ಕಟ್ಟು. 1964ರಲ್ಲಿ ಚಕ್ರಗಳ ಅಂತರವನ್ನು ಮೂರು ಇಂಚು ಹೆಚ್ಚಿಸಿದರು, ಅದೆಲ್ಲ ಹಿಂದೆ ಕೂರುವವರಿಗೆ ಸಿಕ್ಕಿತು. 1965ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಎರಡು ಟನ್ನು ದಾಟಿದ ಕಾರಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ 1965.

ಮಾಡು, ಅಂದರೆ ಛಾವಣಿ, ತೆರೆಯುವ ಮಾದರಿ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಆ ಕಾಲದ ಅಮೆರಿಕದಲ್ಲಿ ನಾಲ್ಕು ಬಾಗಿಲಿನ ಕನ್ವರ್ಟಿಬಲ್ ಎಂದರೆ ಇದೊಂದೇ. ನೋಡಲು ಇದಕ್ಕೆ ಸಾಟಿಯಿಲ್ಲ. ಸ್ವಿಚ್ ಒತ್ತಿದರೆ ಡಿಕ್ಕಿಯ ಮುಚ್ಚಳ ಹಿಂದಕ್ಕೆ ತೆರೆದುಕೊಂಡು, ಇಡೀ ಮಾಡು ಮಡಚಿ ಅದರೊಳಗೆ ಮಲಗುತ್ತದೆ. ಆದರೆ ಆ ಕೆಲಸದ ಹಿಂದೆ ಮೋಟರ್, ಹೈಡ್ರಾಲಿಕ್ ಪಂಪು, ರಿಲೇ, ಸ್ವಿಚ್ಚುಗಳ ದೊಡ್ಡ ಸಂಸಾರವಿದೆ. ಒಂದು ಮುನಿಸಿಕೊಂಡರೆ ಮಾಡು ಅರ್ಧದಲ್ಲೇ ನಿಲ್ಲುತ್ತದೆ. ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಕೆಲವೇ ಜನ. ಮಾಡು ಒಳಗೆ ಹೋದ ಮೇಲೆ ಡಿಕ್ಕಿಯಲ್ಲಿ ಒಂದು ಚೀಲ ಇಡಲೂ ಜಾಗವಿಲ್ಲ. ಬೆಲೆ ಸೆಡಾನ್‌ಗಿಂತ ಎಷ್ಟೋ ಜಾಸ್ತಿ. ಮೊದಲ ಹಳೇ ಕಾರು ಆಗಿದ್ದರೆ ಸೆಡಾನ್ ತಗೊಳ್ಳಿ. ಸವಾರಿಯ ಸುಖ ಅದೇ.

ಕ್ಯಾಡಿಲಾಕ್ ಡಿವಿಲ್: ಓಡಿಸುವವರ ಕಾರು

ಲಿಂಕನ್ ಮೇಲೆ ಎಷ್ಟೇ ಪ್ರೀತಿ ಇದ್ದರೂ ಸತ್ಯ ಹೇಳಬೇಕು. ಸ್ಟೇರಿಂಗ್ ಹಿಂದೆ ಕೂರುವವರಿಗೆ 1965ರ ಕ್ಯಾಡಿಲಾಕ್ ಹೆಚ್ಚು ಹಿತ. ಹಗುರ, ಚುರುಕು, ದೂರ ಓಡಿಸಿದರೂ ಬೆನ್ನು ನೋಯುವುದಿಲ್ಲ. ಸ್ಟೇರಿಂಗ್ ಅನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಿಕೊಳ್ಳುವ ಅನುಕೂಲ ಬೇಕೆಂದವರಿಗೆ ಆಗಲೇ ಸಿಗುತ್ತಿತ್ತು. ಒಳಗಿನ ತಾಪವನ್ನು ಒಮ್ಮೆ ನಿಗದಿ ಮಾಡಿದರೆ ಹೀಟರ್, ಎ.ಸಿ. ಎರಡನ್ನೂ ತಾನೇ ನೋಡಿಕೊಳ್ಳುವ ಕಂಫರ್ಟ್ ಕಂಟ್ರೋಲ್ 1964ರಲ್ಲೇ ಬಂದಿತ್ತು. ಕೊಳ್ಳುವಾಗ ಅದು ಕೆಲಸ ಮಾಡುತ್ತಿದೆಯಾ ನೋಡಿ. ಕೆಟ್ಟಿದ್ದರೆ ರಿಪೇರಿಗೆ ತಾಳ್ಮೆ ಬೇಕು.

ರೆಕ್ಕೆಗಳು ಪೂರ್ತಿ ಮಾಯವಾದದ್ದು 1965ರಲ್ಲೇ. ಹೆಡ್‌ಲೈಟುಗಳು ಒಂದರ ಮೇಲೊಂದು ಕೂತವು. ಷಾಸಿಯನ್ನೂ, ಅಂದರೆ ಬಾಡಿಯನ್ನು ಹೊರುವ ಅಡಿಯ ಚೌಕಟ್ಟನ್ನೂ, ಹೊಸದಾಗಿ ಮಾಡಿದರು. ಬ್ರೇಕು ಡ್ರಮ್ಮೇ ಆದರೂ, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ದ್ರವದ ದಾರಿ ಇದೆ. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ಕ್ಯಾಡಿಲಾಕ್ ಇದನ್ನು 1962ರಲ್ಲೇ ಹಾಕಿತ್ತು. ಲಿಂಕನ್‌ನ ಡಿಸ್ಕ್‌ನ್ನು ಹೊಗಳಿದವನು ಇದನ್ನೂ ಹೊಗಳಬೇಕು.

ದೊಡ್ಡ ಅನುಕೂಲ ಎಂದರೆ ಸ್ಪೇರ್. 1965ರಲ್ಲಿ ಲಿಂಕನ್ ಸುಮಾರು 40 ಸಾವಿರ ತಯಾರಾದವು, ಇಂಪೀರಿಯಲ್ 20 ಸಾವಿರಕ್ಕೂ ಕಡಿಮೆ. ಕ್ಯಾಡಿಲಾಕ್ 1.8 ಲಕ್ಷಕ್ಕೂ ಹೆಚ್ಚು. ಇವತ್ತಿಗೂ ಬಂಪರ್‌ನಿಂದ ಹಿಡಿದು ಕಿಟಕಿಯ ರಬ್ಬರಿನವರೆಗೆ ಏನಾದರೂ ಒಂದು ಕಡೆ ಸಿಕ್ಕೇ ಸಿಗುತ್ತದೆ. ಆ ಗೇರ್‌ಬಾಕ್ಸ್ ಜನರಲ್ ಮೋಟರ್ಸ್‌ನ ಎಷ್ಟೋ ಗಾಡಿಗಳಲ್ಲಿ ಬಂದ ಜಾತಿಯದು, ಬಿಚ್ಚಿ ಜೋಡಿಸಬಲ್ಲವರು ಪ್ರತಿ ಊರಿನಲ್ಲೂ ಇದ್ದಾರೆ.

ಗೌರವದ ವಿಷಯಕ್ಕೆ ಬಂದರೆ, 'ಕ್ಯಾಡಿಲಾಕ್' ಎಂಬ ಪದವೇ ಅಮೆರಿಕನ್ ಇಂಗ್ಲಿಷಿನಲ್ಲಿ 'ಅತ್ಯುತ್ತಮ' ಎಂಬ ಅರ್ಥಕ್ಕೆ ನಿಂತುಬಿಟ್ಟಿದೆ. ಅಕ್ಕಪಕ್ಕದ ಮನೆಯವರೆಲ್ಲ ಗುರುತಿಸಬೇಕು ಎನ್ನುವ ಆಸೆ ನಿಮಗಿದ್ದರೆ ಬೇರೆ ಯಾವುದೂ ಬೇಡ. ಆಸೆ ತಪ್ಪೇನಲ್ಲ.

ಇಂಪೀರಿಯಲ್: ಕಡಿಮೆ ಜನ ಬಲ್ಲ ಗಟ್ಟಿಗ

ಎಲ್ವುಡ್ ಎಂಗಲ್ 1961ರಲ್ಲಿ ಫೋರ್ಡ್ ಬಿಟ್ಟು ಕ್ರೈಸ್ಲರ್ ಸೇರಿದರು. 1964ರ ಇಂಪೀರಿಯಲ್ ಅವರ ಕೈಯಲ್ಲಿ ಮೂಡಿದ್ದು. ಲಿಂಕನ್ ಪಕ್ಕದಲ್ಲಿ ನಿಲ್ಲಿಸಿದರೆ ದಾಯಾದಿ ಎಂದು ತಕ್ಷಣ ತಿಳಿಯುತ್ತದೆ. ಅದೇ ನೇರ ಗೆರೆ, ಅದೇ ಚೂಪಾದ ಅಂಚು. ಆದರೆ ಇನ್ನೂ ಉದ್ದ, ಸುಮಾರು 5.8 ಮೀಟರ್. ನಿಮ್ಮ ಗ್ಯಾರೇಜನ್ನು ಮೊದಲು ಟೇಪ್ ಹಿಡಿದು ಅಳೆಯಿರಿ.

ಈ ಕಾರಿನ ಗಟ್ಟಿತನಕ್ಕೆ ಒಂದು ಉದಾಹರಣೆ ಸಾಕು. ಹಳೇ ಕಾರುಗಳನ್ನು ಒಂದಕ್ಕೊಂದು ಗುದ್ದಿಸುವ ಡೆಮಾಲಿಷನ್ ಡರ್ಬಿ ಎಂಬ ಆಟ ಇಲ್ಲಿದೆ. ಅಂಥ ಹಲವು ಕಡೆ ಇಂಪೀರಿಯಲ್‌ಗೆ ಪ್ರವೇಶವೇ ಇಲ್ಲ. ಎದುರಿಗೆ ಬಂದದ್ದನ್ನೆಲ್ಲ ಪುಡಿ ಮಾಡಿ ತಾನು ನಿಂತಿರುತ್ತದೆ. ಹಾಗೆ ಸತ್ತ ಚೆಂದದ ಕಾರುಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

1964ರದ್ದಕ್ಕೆ ಗೇರ್ ಲಿವರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಗುಂಡಿಗಳಿವೆ. ಗುಂಡಿ ಒತ್ತಿ ಹೊರಡುವ ಆ ಖುಷಿ ಬೇಕಿದ್ದರೆ 64 ತಗೊಳ್ಳಿ, 65ಕ್ಕೆ ಲಿವರ್ ಬಂತು. ಗೇರ್‌ಬಾಕ್ಸ್ ಟಾರ್ಕ್‌ಫ್ಲೈಟ್, ಸುಲಭಕ್ಕೆ ಸಾಯುವುದಲ್ಲ. ಮೂರರಲ್ಲಿ ತಿರುವಿನಲ್ಲಿ ಕಡಿಮೆ ಓಲಾಡುವುದು ನನ್ನ ಅನುಭವದಲ್ಲಿ ಇದೇ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಕಷ್ಟ ಇರುವುದು ಮೇಲಿನ ಅಲಂಕಾರದ ಸಾಮಾನಿನಲ್ಲಿ. 1965ರ ಹೆಡ್‌ಲೈಟಿನ ಮೇಲೊಂದು ಗಾಜಿನ ಮುಚ್ಚಳವಿದೆ. ಅದು ಒಡೆದಿದ್ದರೆ ಇನ್ನೊಂದು ಹುಡುಕಲು ವರ್ಷ ಹಿಡಿಯಬಹುದು. ಹಾಗಾಗಿ ಇಂಪೀರಿಯಲ್ ಕೊಳ್ಳುವವರು ಎಂಜಿನ್ ಸುಮಾರಾಗಿದ್ದರೂ ಪರವಾಗಿಲ್ಲ, ಗಾಜು ಮತ್ತು ಕ್ರೋಮ್ ಪೂರ್ತಿ ಇರುವುದನ್ನೇ ಆರಿಸಬೇಕು.

ಅಡಿಯಲ್ಲಿ ಮಲಗಿ ನೋಡಿ

ಈ ಭಾಗದಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಲಿಂಕನ್‌ಗೆ ಬೇರೆ ಷಾಸಿ ಇಲ್ಲ, ಬಾಡಿಯೇ ಷಾಸಿ. ತಳ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಯೇ ಹೋದ ಹಾಗೆ. ಈ ವರ್ಷಗಳ ಕ್ಯಾಡಿಲಾಕ್, ಇಂಪೀರಿಯಲ್‌ಗಳಿಗೆ ಷಾಸಿ ಬೇರೆ ಇದೆ, ಬಾಡಿಯ ತುಕ್ಕನ್ನು ಟಿಂಕರಿಂಗ್ ಮಾಡಿಸಿ ಹೇಗೋ ಸರಿಪಡಿಸಬಹುದು.

ನಾನು ಮೊದಲು ನೋಡಲು ಹೋದ ಲಿಂಕನ್ ಪಕ್ಕದ ಓಹಾಯೋದಲ್ಲಿತ್ತು. ಮಾರುವವರು ತುಕ್ಕೇ ಇಲ್ಲ ಎಂದು ಫೋನಿನಲ್ಲಿ ಹೇಳಿದ್ದರು. ಮೂರು ಗಂಟೆ ಓಡಿಸಿಕೊಂಡು ಹೋದೆ. ಹೊರಗೆ ಕನ್ನಡಿಯಂಥ ಪೇಂಟ್. ಕೆಳಗೆ ಮಲಗಿ ನೋಡಿದರೆ ತಳಕ್ಕೆಲ್ಲ ಹೊಸದಾಗಿ ಡಾಂಬರಿನಂಥ ಕಪ್ಪು ಬಳಿದಿದ್ದರು. ಸ್ಕ್ರೂಡ್ರೈವರ್ ತುದಿಯನ್ನು ಮೆಲ್ಲಗೆ ಒತ್ತಿದೆ, ಹಲಸಿನ ಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಅಂದಿನಿಂದ ನನ್ನ ನಿಯಮ ಒಂದೇ: ತಳಕ್ಕೆ ಹೊಸ ಕಪ್ಪು ಬಳಿದಿದ್ದರೆ ಅಲ್ಲಿಂದ ವಾಪಸ್. ಕೊನೆಗೆ ಕೊಂಡದ್ದು ಅರಿಜೋನದಿಂದ. ಬಿಸಿಲಿಗೆ ಸೀಟು ಸೀಳಿತ್ತು, ಡ್ಯಾಶ್ ಬಿರಿದಿತ್ತು. ತಳ ಮಾತ್ರ ಗಟ್ಟಿಯಾಗಿತ್ತು. ಸೀಟು ಹೊಲಿಸಬಹುದು.

ಒಂದು ಸಣ್ಣ ಅಯಸ್ಕಾಂತವನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಬಾಗಿಲಿನ ಕೆಳ ಅಂಚು, ಚಕ್ರದ ಸುತ್ತ ಅದು ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಲು ಹೇಳಿ. ನೀವು ಹೋಗುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಯಾಕೆ ಎಂದು ಕೇಳಿ.

ಲಿಂಕನ್‌ನಲ್ಲಿ ಇನ್ನೂ ಎರಡು. ಅದರ ವೈಪರ್ ಓಡುವುದು ವಿದ್ಯುತ್ತಿನಿಂದಲ್ಲ, ಪವರ್ ಸ್ಟೇರಿಂಗ್‌ನ ಎಣ್ಣೆಯ ಒತ್ತಡದಿಂದ. ಬಾನೆಟ್ ಕೆಳಗೆ ಎಣ್ಣೆ ಜಿನುಗುತ್ತಿದೆಯಾ ನೋಡಿ, ವೈಪರ್ ಹಾಕಿಸಿ ನೋಡಿ. ಬಾಗಿಲಿನ ಲಾಕ್ ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿ ಹೀರುವ ಬಲದಿಂದ, ಕೆಲಸ ಮಾಡುತ್ತದೆ. ಹಳೇ ರಬ್ಬರ್ ಪೈಪ್ ಸೀಳಿದ್ದರೆ ಲಾಕ್ ಬೀಳುವುದಿಲ್ಲ. ಇದು ಅಗ್ಗದ ರಿಪೇರಿ, ಚೌಕಾಸಿಗೆ ಒಳ್ಳೆಯ ನೆಪ.

ಪೆಟ್ರೋಲ್ ಲೆಕ್ಕ ಮೂರಕ್ಕೂ ಒಂದೇ, ಲೀಟರಿಗೆ ನಾಲ್ಕೈದು ಕಿಲೋಮೀಟರ್, ಅದೂ ಪ್ರೀಮಿಯಂ. ಇವುಗಳಲ್ಲಿ ಸಿಗುವುದು ಸೊಂಟದ ಬೆಲ್ಟ್ ಮಾತ್ರ, ಅದೂ ಎಲ್ಲ ಸೀಟಿಗೂ ಇರುತ್ತದೆ ಎನ್ನುವಂತಿಲ್ಲ. ಹಾಗಾಗಿ ಪುಟ್ಟ ಮಕ್ಕಳಿರುವ ಮನೆಯವರು ಹೆದ್ದಾರಿಗೆ ಒಯ್ಯಬೇಡಿ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿಕೊಂಡು ಬರೆದುಕೊಡುವ ಪಾಲಿಸಿಯನ್ನೇ ಕೇಳಿ. ಇಲ್ಲದಿದ್ದರೆ ಅಪಘಾತವಾದ ದಿನ ಅದು ಅವರ ಲೆಕ್ಕಕ್ಕೆ ಸುಮ್ನೆ ಒಂದು ಹಳೇ ಗಾಡಿ.

ಹಾಗಾದರೆ ಯಾರಿಗೆ ಯಾವುದು?

ವಾರಕ್ಕೊಮ್ಮೆ ನೀವೇ ಓಡಿಸಬೇಕು, ದೂರ ಹೋಗಬೇಕು, ಸ್ಪೇರ್ ಹುಡುಕುತ್ತಾ ಕೂರಲು ಆಗದು ಅನ್ನುವವರು ಕ್ಯಾಡಿಲಾಕ್ ಡಿವಿಲ್ ಕೊಳ್ಳಿ, 1965. ಕೈಯಲ್ಲಿ ಹಣ ಕಡಿಮೆ, ಸ್ಪ್ಯಾನರ್ ಹಿಡಿಯುವ ಅಭ್ಯಾಸವಿದೆ, ಯಾರ ಬಳಿಯೂ ಇಲ್ಲದ್ದು ಬೇಕು ಅನ್ನುವವರು ಇಂಪೀರಿಯಲ್. ಮನೆಯವರನ್ನು, ಹಿರಿಯರನ್ನು ಹಿಂದೆ ಕೂರಿಸಿಕೊಂಡು ಸಂಜೆ ಹೊತ್ತು ನಿಧಾನವಾಗಿ ಒಂದು ಸುತ್ತು ಹೋಗಬೇಕು ಅನ್ನುವವರಿಗೆ 1965ರ ಲಿಂಕನ್ ಸೆಡಾನ್.

ಇನ್ನೂ ತೀರ್ಮಾನ ಆಗಿಲ್ಲವಾದರೆ ಮಿಷಿಗನ್‌ನ ಹಿಕರಿ ಕಾರ್ನರ್ಸ್‌ನಲ್ಲಿರುವ ಗಿಲ್ಮೋರ್ ಕಾರ್ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಲಿಂಕನ್‌ಗೂ ಕ್ಯಾಡಿಲಾಕ್‌ಗೂ ಅಲ್ಲಿ ಬೇರೆ ಬೇರೆ ಕಟ್ಟಡಗಳಿವೆ. ಈ ಕಾರುಗಳನ್ನು ಇಟ್ಟುಕೊಂಡಿರುವವರ ಸಂಘಗಳ ಮೇಳಗಳಿಗೂ ಹೋಗಿ. ಮಾಲೀಕರ ಹತ್ತಿರ ಮಾತಾಡಿ. ಹೆಚ್ಚಿನವರು ವಯಸ್ಸಾದವರು, ಕೇಳುವವರು ಸಿಕ್ಕರೆ ಅವರಿಗೆ ಹಬ್ಬ. ನನಗೆ ನನ್ನ ಕಾರು ಸಿಕ್ಕಿದ್ದೂ ಹಾಗೇ, ಜಾಹೀರಾತಿನಿಂದಲ್ಲ. ಪಕ್ಕದಲ್ಲಿ ಕಾರು ನಿಲ್ಲಿಸಿದ್ದ ಹಿರಿಯರೊಬ್ಬರು, "ಅರಿಜೋನದಲ್ಲಿ ನನ್ನ ಭಾವಮೈದುನನ ಹತ್ತಿರ ಒಂದಿದೆ, ಮಾರುತ್ತಾನೇನೋ ಕೇಳುತ್ತೇನೆ" ಅಂದರು.